ಗಟ್ಟಿ ಟೈಲ್ಸ್: ಅಂಚು ಒಡೆಯದಂತೆ ಕತ್ತರಿಸುವ ಕ್ರಮ

ನೀರು ಹರಿಸುವ ಯಂತ್ರದಲ್ಲಿ ಕತ್ತರಿಸಿದರೂ ವಿಟ್ರಿಫೈಡ್ ಟೈಲ್ಸ್‌ನ ಅಂಚು ಚಕ್ಕೆಯೆದ್ದರೆ ದೂರು ಬರುವುದು ಮಾರಾಟಗಾರರಿಗೆ. ಅನೇಕ ವೇಳೆ ದೋಷವು ಟೈಲ್ಸ್‌ನದಲ್ಲ, ಬ್ಲೇಡಿನದು. ನೀರು ಹೀರುವ ಪ್ರಮಾಣವು ಶೇ. 0.5ನ್ನು ಮೀರದ ಈ ದಟ್ಟ ಟೈಲ್ಸ್‌ಗೆ ಅಂಚಿನಲ್ಲಿ ಸೀಳಿಲ್ಲದ ವಜ್ರದ ಬ್ಲೇಡೇ ತಕ್ಕುದು. ಅದರಲ್ಲಿಯೂ ವಜ್ರದ ಕಣಗಳು ಕ್ರಮೇಣ ಮೊಂಡಾಗುತ್ತವೆ. ಅವನ್ನು ಹಿಡಿದಿರುವ ಲೋಹ ಸವೆಯದಿದ್ದರೆ ಹೊಸ ಕಣಗಳು ಹೊರಬಾರವು. ಕೆಲಸಗಾರನು ಆಗ ಬಲವಾಗಿ ತಳ್ಳುತ್ತಾನೆ, ಅಂಚು ಸಿಡಿಯುತ್ತದೆ. ಬೆಲೆಬಾಳುವ ಬ್ಲೇಡನ್ನು ಎಸೆಯಬೇಕಾಗಿಲ್ಲ. ಮೃದುವಾದ ಸಾಣೆಕಲ್ಲನ್ನು ನಾಲ್ಕಾರು ಬಾರಿ ಕೊಯ್ದರೆ ಹರಿತವು ಮರಳುತ್ತದೆ. ಟೈಲ್ಸ್‌ನ ಹೊಳಪಿನ ಮೈ ಮೇಲಿರಬೇಕು. ಕೊನೆಯ ಅಂಗುಲದಲ್ಲಿ ವೇಗ ಇನ್ನಷ್ಟು ತಗ್ಗಬೇಕು. ನೀರು ಬ್ಲೇಡನ್ನು ತಣಿಸುವುದಲ್ಲದೆ ಶ್ವಾಸಕೋಶಕ್ಕೆ ಮಾರಕವಾದ ಸಿಲಿಕಾ ಧೂಳನ್ನೂ ಅಡಗಿಸುವುದರಿಂದ, ಒಂದೇ ತುಂಡಾದರೂ ಒಣದಾಗಿ ಕೊಯ್ಯಕೂಡದು.