ಹೊಸ ಪಿಕಪ್ ಕೊಳ್ಳುವ ಮುಂಚೆ: ಚಿಂತಾಮಣಿ ರಸ್ತೆಯ ಪಾಠಗಳು

ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಬೆಂಗಳೂರು: ಈ ದಾರಿಗಳಲ್ಲಿ ಟೊಮೆಟೊ, ಮಾವು, ರೇಷ್ಮೆಗೂಡು, ಸಿಮೆಂಟು ಸಾಗಿಸಿಯೇ ನನ್ನ ಸಂಸಾರ ನಡೆದಿದೆ. ಮೊದಲು ಟಾಟಾ ಏಸ್ ಇತ್ತು, ಈಗ ಬೊಲೆರೊ ಪಿಕಪ್ ಇದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆಗಿನಿಂದ ಊರಿನ ಹುಡುಗರು ಬಂದು ಕೇಳುವುದು ಜಾಸ್ತಿಯಾಗಿದೆ: "ಅಣ್ಣಾ, ರೇಟು ಇಳಿದಿದೆ, ಒಂದು ಹೊಸ ಪಿಕಪ್ ತಗೊಂಡುಬಿಡ್ಲಾ?" ನಾನು ರೇಟಿನ ಮಾತಿಗೇ ಹೋಗುವುದಿಲ್ಲ. "ವರ್ಷದಲ್ಲಿ ಎಷ್ಟು ದಿನ ಗಾಡಿ ಮನೆ ಮುಂದೆ ಸುಮ್ಮನೆ ನಿಲ್ಲುತ್ತೆ, ಅದನ್ನು ಹೇಳಪ್ಪ ಮೊದಲು" ಅಂತೀನಿ. ಕೆಳಗೆ ಬರೆದಿರುವುದೆಲ್ಲ ಆ ಒಂದು ಪ್ರಶ್ನೆಯಿಂದಲೇ ಹುಟ್ಟಿದ್ದು.

1. ಸುಗ್ಗಿಯನ್ನು ನೋಡಿ ಗಾಡಿ ಕೊಳ್ಳಬೇಡಿ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ಆಗ ರೈತರ ಕೈಯಲ್ಲಿ ದುಡ್ಡು ಓಡಾಡಿದ್ದನ್ನು ಕಂಡು ಗಾಡಿ ಕೊಳ್ಳುವ ಆಸೆ ಎಷ್ಟೋ ಜನರಿಗೆ ಬಂತು. ಆದರೆ ಬಾಡಿಗೆ ಲೆಕ್ಕ ಬಾಕ್ಸಿಗೆ ಇಷ್ಟು ಅಂತ. ಒಳಗಿನ ಹಣ್ಣು 2 ಸಾವಿರಕ್ಕೆ ಹೋದರೂ 100 ರೂಪಾಯಿಗೆ ಹೋದರೂ ಗಾಡಿಯವನಿಗೆ ಸಿಗುವುದು ಹೆಚ್ಚುಕಡಿಮೆ ಅದೇ. ಬೆಲೆ ಏರಿದಾಗ ನಮಗೆ ಲಾಭವಿಲ್ಲ, ಬಿದ್ದಾಗ ಮಾತ್ರ ಪೂರಾ ಹೊಡೆತ. ಬೆಲೆ ಕುಸಿದರೆ ರೈತ ಕೂಲಿ ಕೊಟ್ಟು ಬಿಡಿಸುವುದನ್ನೇ ನಿಲ್ಲಿಸುತ್ತಾನೆ, ಹಣ್ಣು ಗಿಡದಲ್ಲೇ ಕೊಳೆಯುತ್ತದೆ, ನಮಗೆ ಲೋಡೇ ಇರುವುದಿಲ್ಲ.

ಅದಕ್ಕೇ ಕೊಳ್ಳುವ ಮುಂಚೆ ಒಂದು ಪೂರ್ತಿ ವರ್ಷದ ಲೆಕ್ಕ ಬರೆಯಿರಿ. ಬೇರೆಯವರ ಗಾಡಿ ಓಡಿಸುತ್ತಿದ್ದರೆ ಆ ಗಾಡಿಯ ಲೆಕ್ಕ, ನೀವೇ ರೈತರೋ ಅಂಗಡಿಯವರೋ ಆಗಿದ್ದರೆ ನೀವು ಕೊಟ್ಟ ಬಾಡಿಗೆಯ ಲೆಕ್ಕ. ಯಾವ ತಿಂಗಳು ಎಷ್ಟು ಲೋಡು, ಎಲ್ಲಿಗೆ, ವಾಪಸ್ ಬರುವಾಗ ಏನಾದರೂ ಸಿಕ್ಕಿತೋ ಖಾಲಿ ಬಂದಿರೋ, ಎಲ್ಲವೂ ಅದರಲ್ಲಿರಲಿ. ರಿಟರ್ನ್ ಲೋಡಿನ ಕಾಲಂ ತುಂಬ ಮುಖ್ಯ. ಬೆಂಗಳೂರಿಗೆ ತರಕಾರಿ ಒಯ್ದು, ಬರುವಾಗ ಕಿರಾಣಿಯನ್ನೋ ಹಾರ್ಡ್‌ವೇರ್ ಸಾಮಾನನ್ನೋ ತರುವ ಗೊತ್ತಿನ ಅಂಗಡಿ ಒಂದಿದ್ದರೂ ಸಾಕು, ಕೊಳ್ಳುವ ಲೆಕ್ಕವೇ ಬದಲಾಗುತ್ತದೆ.

2. ತೂಕವನ್ನು ಕಾಟಾದಲ್ಲಿ ಹಾಕಿ ನೋಡಿ

2005ರಲ್ಲಿ ಟಾಟಾ ಏಸ್ ಬಂದಾಗ ಅದರ ಲೆಕ್ಕ ಮುಕ್ಕಾಲು ಟನ್. ಈಗಲೂ ಚಿಕ್ಕ ಗಾಡಿಗಳ ಮಾತು ಅಲ್ಲಿಂದಲೇ ಶುರುವಾಗುತ್ತದೆ. 750 ಕೆಜಿ ಅಂದರೆ 15 ಕೆಜಿಯ 50 ಬಾಕ್ಸ್ ಅಂತ ಸೇಲ್ಸ್‌ನವರು ಹೇಳುತ್ತಾರೆ. ಕ್ರೇಟಿಗೂ ತೂಕವಿದೆ, ಒಂದೂವರೆ ಕಿಲೋ ಅಂದುಕೊಳ್ಳಿ. ಅಲ್ಲಿಗೆ 45 ಬಾಕ್ಸ್ ಆಯಿತು. ನೀವು ಆಮೇಲೆ ಕೂರಿಸುವ ಕಬ್ಬಿಣದ ಫ್ರೇಮು, ತಾಡಪಾಲು, ಹಗ್ಗ, ಜೊತೆಗೆ ಬರುವ ಹಮಾಲಿ ಎಲ್ಲವನ್ನೂ ಅದರಲ್ಲೇ ಕಳೆಯಬೇಕು. ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ: ಖಾಲಿ ಗಾಡಿಯ ತೂಕ, ಒಟ್ಟು ತೂಕ. ಖರ್ಚು ಮಾಡಲು ನಿಮಗಿರುವುದು ಅವೆರಡರ ನಡುವಿನ ವ್ಯತ್ಯಾಸ ಮಾತ್ರ.

ಸರಕಿನ ಗುಣವೂ ಬೇರೆ ಬೇರೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವ ರೇಷ್ಮೆಗೂಡು ಗಾಡಿ ತುಂಬ ಇದ್ದರೂ ಹಗುರ. ಅದಕ್ಕೆ ಬೇಕಾದದ್ದು ಜಾಗ, ಗಾಳಿ. ಸಿಮೆಂಟು ನೋಡಲು ಚೂರೇ, 20 ಮೂಟೆಗೆ ಒಂದು ಟನ್. ಬೋರ್‌ವೆಲ್ಲಿನ 20 ಅಡಿ ಪೈಪು ಏಳು ಅಡಿಯ ಡೆಕ್ಕಿನಲ್ಲಿ ಯಾವ ಲೆಕ್ಕದಲ್ಲೂ ಕೂರುವುದಿಲ್ಲ. ನಿಮ್ಮ ಮುಖ್ಯ ಸರಕು ಯಾವುದು ಅಂತ ಗಟ್ಟಿಯಾಗಿ ಹೇಳಲು ಆಗದಿದ್ದರೆ ಶೋರೂಮಿಗೆ ಹೋಗುವ ಸಮಯ ಇನ್ನೂ ಬಂದಿಲ್ಲ.

"ಕಮಾನು ಪ್ಲೇಟು ಇನ್ನೆರಡು ಹಾಕಿಸಿದರೆ ಎರಡು ಟನ್ ಎಳೆಯುತ್ತೆ" ಅನ್ನುವ ಮಾತನ್ನು ಪ್ರತಿ ಗ್ಯಾರೇಜಿನಲ್ಲೂ ಕೇಳುತ್ತೀರಿ. ಪ್ಲೇಟು ತಡೆದುಕೊಳ್ಳಬಹುದು. ಬ್ರೇಕು, ಟಯರು, ಆಕ್ಸಲ್ ಮೊದಲಿನವೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಇಟ್ಟಿದೆ. ದಂಡಕ್ಕಿಂತ ನನಗೆ ಭಯ ಇಳಿಜಾರಿನದು. ದಿನಾ ಓವರ್‌ಲೋಡ್ ಹಾಕಿದರೆ ಮಾತ್ರ ಕಂತು ಕಟ್ಟಲಾಗುತ್ತದೆ ಎನ್ನುವ ಸ್ಥಿತಿ ಇದ್ದರೆ, ಆ ಗಾಡಿ ನಿಮ್ಮ ಕೆಲಸಕ್ಕೆ ಚಿಕ್ಕದಾಯಿತು, ಇಲ್ಲವೇ ಆ ಸಾಲ ನಿಮಗೆ ದೊಡ್ಡದಾಯಿತು.

3. 3,000 ಕೆಜಿಯ ಗೆರೆ

ಇದು ಬಹಳ ಜನರಿಗೆ ಗೊತ್ತಿಲ್ಲ, ಶೋರೂಮಿನಲ್ಲೂ ತಾವಾಗಿ ಹೇಳುವುದಿಲ್ಲ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಸರಕು ಸೇರಿ, 3,000 ಕೆಜಿ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಡ. ಒಂದೇ ಹೆಸರಿನ ಪಿಕಪ್‌ನಲ್ಲಿ ಒಂದು ಮಾಡೆಲ್ ಈ ಗೆರೆಯ ಈಚೆಗಿದ್ದರೆ, ಸ್ವಲ್ಪ ಹೆಚ್ಚು ಭಾರ ಹೊರುವ ಇನ್ನೊಂದು ಆಚೆಗಿರುತ್ತದೆ. ನಮ್ಮ ಹಾಗೆ ಆಂಧ್ರ, ತಮಿಳುನಾಡಿನ ಗಡಿಯಲ್ಲಿ ಇರುವವರು ಇನ್ನೂರು ಕಿಲೋ ಹೆಚ್ಚಿನ ಆಸೆಗೆ ಆಚೆಯದನ್ನು ಆರಿಸುವ ಮುಂಚೆ ಪರ್ಮಿಟ್ಟಿನ ಖರ್ಚು, ಆರ್‌ಟಿಒ ಓಡಾಟ ಎರಡನ್ನೂ ಸೇರಿಸಿ ನೋಡಬೇಕು.

ಲೈಸೆನ್ಸಿನ ಬಗ್ಗೆ ಇದ್ದ ಗೊಂದಲ ಈಗ ತೀರಿದೆ. 7,500 ಕೆಜಿಯೊಳಗಿನ ಸರಕು ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು.

4. ಡೀಸೆಲ್ಲೋ, ಪೆಟ್ರೋಲೋ, ಸಿಎನ್‌ಜಿಯೋ

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಚಿಕ್ಕ ಡೀಸೆಲ್ ಎಂಜಿನ್ನಿನ ಕಾಲ ಬದಲಾಯಿತು. ಮಾರುತಿ ಸೂಪರ್ ಕ್ಯಾರಿಯ ಡೀಸೆಲ್ ಮಾಡೆಲ್ ಆ ವರ್ಷವೇ ನಿಂತುಹೋಯಿತು. ಬಿಎಸ್6 ಡೀಸೆಲ್ಲಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಬಿಸಿಯಾಗಿ, ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಕೋಲಾರದಿಂದ ಬೆಂಗಳೂರಿಗೆ ಹೈವೇಯಲ್ಲಿ ಹೋಗುವವರಿಗೆ ಇದು ತೊಂದರೆಯೇ ಅಲ್ಲ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲಿಸುವ, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್ ಹಂಚುವ ಗಾಡಿಗೆ ಫಿಲ್ಟರ್ ಪದೇ ಪದೇ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಅಂಥವರು ಪೆಟ್ರೋಲ್ ಅಥವಾ ಸಿಎನ್‌ಜಿ ನೋಡುವುದು ಮೇಲು.

ಸಿಎನ್‌ಜಿಯಲ್ಲಿ ಓಡಿಸುವ ಖರ್ಚು ಕಡಿಮೆ. ಆದರೆ ಸಿಲಿಂಡರಿನ ತೂಕ ಸರಕಿನ ತೂಕವನ್ನು ತಿನ್ನುತ್ತದೆ. ಬಂಕ್ ನಿಮ್ಮ ದಾರಿಯಲ್ಲೇ ಇದೆಯೇ, ಬೆಳಗಿನ ಜಾವ ಅಲ್ಲಿ ಎಷ್ಟು ಹೊತ್ತು ಕ್ಯೂ ಇರುತ್ತದೆ ಅಂತ ಹೋಗಿ ನಿಂತು ನೋಡಿ ಬನ್ನಿ. ಹರಾಜಿನ ಹೊತ್ತಿಗೆ ತರಕಾರಿ ಮುಟ್ಟಿಸಬೇಕಾದವರಿಗೆ ಆ ಕ್ಯೂ ದುಬಾರಿ.

ಎಲೆಕ್ಟ್ರಿಕ್ ಬಗ್ಗೆ ನನಗೆ ಗೌರವವಿದೆ. 2022ರಲ್ಲಿ ಬಂದ ಏಸ್ ಇವಿಗೆ ಕಂಪನಿ ಹೇಳಿದ್ದು ಒಂದು ಚಾರ್ಜಿಗೆ 154 ಕಿ.ಮೀ. ಬೆಂಗಳೂರಿನೊಳಗೆ ಪಾರ್ಸೆಲ್ ಹಂಚುವವರಿಗೆ ಅದು ಧಾರಾಳ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 150 ಕಿ.ಮೀ. ಆಗುತ್ತದೆ. ಲೋಡು, ಟ್ರಾಫಿಕ್ಕು ಸೇರಿದರೆ ಅದು ಈ ದಾರಿಯ ಗಾಡಿಯಲ್ಲ.

5. ಕಂತನ್ನು ನಿಂತ ದಿನಗಳಿಂದ ಅಳೆಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 8 ಲಕ್ಷ ಸಾಲ, ಶೇ 11 ಬಡ್ಡಿ ಎಂದಿಟ್ಟುಕೊಳ್ಳೋಣ. 48 ತಿಂಗಳಿಗಾದರೆ ಕಂತು ಸುಮಾರು 20,700 ರೂಪಾಯಿ, 60 ತಿಂಗಳಿಗಾದರೆ ಸುಮಾರು 17,400. ಐದು ವರ್ಷಕ್ಕೆ ಹೋದರೆ ಬಡ್ಡಿ 50 ಸಾವಿರದಷ್ಟು ಹೆಚ್ಚು. ಆದರೂ ಸೀಸನ್ ನಂಬಿದವರು ಐದು ವರ್ಷವನ್ನೇ ಆರಿಸಲಿ, ಒಳ್ಳೆಯ ತಿಂಗಳುಗಳಲ್ಲಿ ಹೆಚ್ಚಿಗೆ ಕಟ್ಟಲಿ ಎನ್ನುವುದು ನನ್ನ ಅಭಿಪ್ರಾಯ. ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ, ಬರೆಸಿಕೊಳ್ಳಿ.

17,400ಕ್ಕೆ ಇನ್ಶೂರೆನ್ಸಿನ ಬಾಬ್ತು ತಿಂಗಳಿಗೆ 3 ಸಾವಿರ ಸೇರಿಸಿ. 20,400 ಆಯಿತು. ತಿಂಗಳಿಗೆ 22 ದಿನ ಕೆಲಸವಿದ್ದರೆ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ದಿನಕ್ಕೆ ಸುಮಾರು 930 ರೂಪಾಯಿ ಹೋಯಿತು. 12 ದಿನವೇ ಕೆಲಸವಿದ್ದರೆ 1,700. ಇದರ ಮೇಲೆ ಡೀಸೆಲ್: ಲೀಟರಿಗೆ 90 ರೂಪಾಯಿ, ಲೋಡಿನಲ್ಲಿ 12 ಕಿ.ಮೀ. ಮೈಲೇಜ್ ಅಂದುಕೊಂಡರೆ 150 ಕಿ.ಮೀ.ಗೆ 1,125. ಡ್ರೈವರ್ ಇಟ್ಟರೆ ಸಂಬಳ, ಬೇಟಾ. ನೀವೇ ಓಡಿಸಿದರೂ ನಿಮ್ಮ ಕೂಲಿಯನ್ನು ಬರೆಯಲೇಬೇಕು. ಅದನ್ನು ಬರೆಯದೆ ಲಾಭ ಕಂಡವರು ನಮ್ಮಲ್ಲಿ ತುಂಬ ಜನ. ವರ್ಷದ ಅತಿ ಕೆಟ್ಟ ಮೂರು ತಿಂಗಳ ಸಂಪಾದನೆಯಲ್ಲೂ ಕಂತು ಹೊರಡುತ್ತದೆಯೇ? ಹೊರಡದಿದ್ದರೆ ಆ ಮೂರು ತಿಂಗಳ ಕಂತನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟುಕೊಂಡು ಆಮೇಲೆ ಡೌನ್ ಪೇಮೆಂಟ್ ಮಾತಾಡಿ.

"ಬರೀ ಏಳು ಪರ್ಸೆಂಟ್" ಎಂದು ಯಾರಾದರೂ ಹೇಳಿದರೆ ಫ್ಲ್ಯಾಟ್ ಬಡ್ಡಿಯೇ ಅಂತ ಕೇಳಿ. ನಾಲ್ಕು ವರ್ಷಕ್ಕೆ ಶೇ 7 ಫ್ಲ್ಯಾಟ್ ಅಂದರೆ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕುವ ಬಡ್ಡಿಯಲ್ಲಿ ಸುಮಾರು ಶೇ 12.7. ಬ್ಯಾಂಕಿನ ಶೇ 11 ಅದಕ್ಕಿಂತ ಅಗ್ಗ. ಮುದ್ರಾ ಸಾಲ ಸರಕು ವಾಹನಕ್ಕೂ ಸಿಗುತ್ತದೆ, ಅಡಮಾನ ಬೇಡ. ರಾಜ್ಯದ ಅಭಿವೃದ್ಧಿ ನಿಗಮಗಳ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಸಬ್ಸಿಡಿಯೂ ಇದೆ. ಅರ್ಹತೆ ಇದ್ದರೆ ಅರ್ಜಿ ಹಾಕಿ, ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಗಾಡಿ ಬುಕ್ ಮಾಡಬೇಡಿ.

6. ಇನ್ಶೂರೆನ್ಸಿನಲ್ಲಿ ಐಎಂಟಿ 23 ಕೇಳಿ

ಹಳದಿ ಬೋರ್ಡಿನ ಗಾಡಿಯ ಸಾಮಾನ್ಯ ಪಾಲಿಸಿಯಲ್ಲಿ, ಗಾಡಿ ಪೂರ್ತಿ ನಾಶವಾದರೆ ಹೊರತು, ಲೈಟು, ಟಯರು, ಮಡ್‌ಗಾರ್ಡು, ಬಂಪರು, ಪೇಂಟಿನ ನಷ್ಟ ಸೇರುವುದಿಲ್ಲ. ಮಾರ್ಕೆಟಿನ ಸಂದಿಯಲ್ಲಿ ಉಜ್ಜಿಸಿಕೊಳ್ಳುವುದು ಇವನ್ನೇ. ಐಎಂಟಿ 23 ಅನ್ನುವ ಕವರ್ ಬೇರೆಯಾಗಿ ಸೇರಿಸಿದರೆ ಆ ನಷ್ಟದಲ್ಲಿ ಒಂದು ಪಾಲು ಸಿಗುತ್ತದೆ. ಇನ್ಶೂರೆನ್ಸಿನ ಜೊತೆ ಎಫ್‌ಸಿಯ (ಫಿಟ್‌ನೆಸ್ ಸರ್ಟಿಫಿಕೇಟ್) ದಿನಾಂಕವೂ ನೆನಪಿರಲಿ: ಹೊಸ ಗಾಡಿಗೆ ಎರಡು ವರ್ಷದ ಎಫ್‌ಸಿ ಬರುತ್ತದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

7. ಹಿಂದೆ ಜನರನ್ನು ಹತ್ತಿಸುವುದಿಲ್ಲ ಎಂದು ಈಗಲೇ ತೀರ್ಮಾನಿಸಿ

ಇದು ಕೊಳ್ಳುವ ತೀರ್ಮಾನಕ್ಕೆ ಸೇರಿದ ಮಾತೇ. ಊರಿನಲ್ಲಿ ಪಿಕಪ್ ಬಂತೆಂದರೆ ಮದುವೆಗೆ, ಜಾತ್ರೆಗೆ, ಕೂಲಿಯವರನ್ನು ತೋಟಕ್ಕೆ ಬಿಡಲು ಮೊದಲು ಕರೆಯುವುದು ನಿಮ್ಮನ್ನೇ. ನೆಂಟರು, ನೆರೆಯವರು, ಇಲ್ಲ ಅನ್ನಲು ಕಷ್ಟ. ಕಾಲಿಗೆ ಆಧಾರವಿಲ್ಲದ, ಹಿಡಿಯಲು ಸರಳಿಲ್ಲದ ಆ ಡೆಕ್ಕಿನಲ್ಲಿ ನಿಂತವರು ಒಂದು ತಿರುವಿನಲ್ಲಿ ಹೊರಗೆ ಬೀಳುತ್ತಾರೆ. ಹಾಗೆ ಸತ್ತವರ ಮನೆಗಳಿಗೆ ಹೋಗಿ ಬಂದಿದ್ದೇನೆ. ಸರಕಿನ ಜಾಗದಲ್ಲಿ ಕೂತ ಪ್ರಯಾಣಿಕರಿಗೆ ನಿಮ್ಮ ಪಾಲಿಸಿ ರಕ್ಷಣೆ ಕೊಡುವುದಿಲ್ಲ, ಪರಿಹಾರದ ಹೊರೆ ನಿಮ್ಮ ಹೊಲದ ಮೇಲೆ ಬರುತ್ತದೆ. ಜನ ಸಾಗಿಸಿ ಬರುವ ಬಾಡಿಗೆಯನ್ನೂ ಸೇರಿಸಿ ಕಂತಿನ ಲೆಕ್ಕ ಹಾಕಿದ್ದರೆ ಆ ಬಾಬ್ತನ್ನು ಹೊಡೆದುಹಾಕಿ ಮತ್ತೆ ಕೂಡಿ.

8. ಲೋಡು ಹಾಕಿ ಓಡಿಸಿ ನೋಡಿ

ಶೋರೂಮಿನವರು ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಕೊಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಮಾಡೆಲ್ ಇಟ್ಟುಕೊಂಡಿರುವ ಯಾರಾದರೂ ಪರಿಚಯದವರ ಜೊತೆ ಒಂದು ದಿನ ಪೂರ್ತಿ ಹೋಗಿ. ಲೋಡಿನಲ್ಲಿ ಏರು ಹತ್ತುವಾಗ ಎಷ್ಟನೇ ಗೇರಿಗೆ ಬರಬೇಕು, ಇಳಿಯುವಾಗ ಬ್ರೇಕು ಹೇಗೆ ಹಿಡಿಯುತ್ತದೆ, ಕಲಾಸಿಪಾಳ್ಯದ ಗಲ್ಲಿಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆಯೇ ನೋಡಿ. ತಿರುಗುವುದರಲ್ಲಿ ಏಸ್‌ಗೆ ಈಗಲೂ ಸಾಟಿ ಕಡಿಮೆ, 4.3 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಪೂರ್ತಿ ದಿನ ಮಾರ್ಕೆಟಿನೊಳಗೇ ಕೆಲಸವಿರುವವರು ಇದನ್ನು ಹಗುರವಾಗಿ ಕಾಣಬಾರದು. ಸಂಜೆ ಆ ಮಾಲೀಕರನ್ನು ಒಂದೇ ಪ್ರಶ್ನೆ ಕೇಳಿ: ರಿಪೇರಿಗೆ ಎಷ್ಟು ದಿನ ನಿಂತಿತ್ತು, ಯಾವ ಪಾರ್ಟಿಗಾಗಿ? ನಿಮ್ಮ ತಾಲ್ಲೂಕಿನಲ್ಲೇ ಪಾರ್ಟು ಸಿಗುವ, ನಿಮ್ಮೂರಿನ ಮೆಕ್ಯಾನಿಕ್‌ಗೆ ಕೈಪಳಗಿದ ಗಾಡಿ, ಮೈಲೇಜು ಒಂದು ಕಿಲೋಮೀಟರ್ ಕಡಿಮೆ ಕೊಟ್ಟರೂ ಪರವಾಗಿಲ್ಲ.

9. ಹಳೆಯ ಗಾಡಿಯ ಪ್ರಶ್ನೆ

ಮೂರು ನಾಲ್ಕು ವರ್ಷದ ಪಿಕಪ್ ಒಳ್ಳೆಯ ಆಯ್ಕೆ. ಆದರೆ ಬೊಲೆರೊಗೆ ನಮ್ಮ ಕಡೆ ಬೇಡಿಕೆ ಎಷ್ಟೆಂದರೆ ಹಳೆಯದಕ್ಕೂ ಬೆಲೆ ಇಳಿಯುವುದಿಲ್ಲ, ಆಗ ಹೊಸದೇ ವಾಸಿ ಅನ್ನಿಸುತ್ತದೆ. ಕೊಳ್ಳುವುದಾದರೆ ಸಾಲ ತೀರಿದ ಎನ್‌ಒಸಿ, ಬಾಕಿ ಚಲನ್, ಎಫ್‌ಸಿ ದಿನಾಂಕ ಮೂರನ್ನೂ ನೋಡಿ. ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಬಿಟ್ಟುಬಿಡಿ.

10. ಕೊಳ್ಳದಿರುವುದೂ ಒಂದು ತೀರ್ಮಾನ

ಶ್ರೀನಿವಾಸಪುರದ ಕಡೆ ಮಾವಿನ ತೋಟದವರೊಬ್ಬರು ಲೆಕ್ಕದ ಪುಸ್ತಕ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಮೇನಿಂದ ಜುಲೈವರೆಗೆ ದಿನಾ ಲೋಡು, ಉಳಿದ ಒಂಬತ್ತು ತಿಂಗಳು ವಾರಕ್ಕೊಮ್ಮೆ ಗೊಬ್ಬರವೋ ಹುಲ್ಲೋ. ಇಬ್ಬರೂ ಕೂತು ಕೂಡಿದೆವು. ಅವರು ವರ್ಷಕ್ಕೆ ಕೊಡುತ್ತಿದ್ದ ಬಾಡಿಗೆ, ಹೊಸ ಗಾಡಿಯ ಆರು ತಿಂಗಳ ಕಂತಿಗೂ ಸಮವಾಗಲಿಲ್ಲ. ಅವರು ಕೊಳ್ಳಲಿಲ್ಲ. ಅದರ ಬದಲು ಸೀಸನ್ ಶುರುವಾಗುವ ತಿಂಗಳು ಮುಂಚೆಯೇ ಇಬ್ಬರು ಪಿಕಪ್ ಮಾಲೀಕರಿಗೆ ಅಡ್ವಾನ್ಸ್ ಕೊಟ್ಟು, ಮೂರು ತಿಂಗಳಿಗೆ ಬಾಡಿಗೆ ಗೊತ್ತು ಮಾಡಿಕೊಂಡರು. ಡೌನ್ ಪೇಮೆಂಟಿಗೆಂದು ಕೂಡಿಟ್ಟಿದ್ದ ಹಣದಲ್ಲಿ ತೋಟಕ್ಕೆ ಡ್ರಿಪ್ ಹಾಕಿಸಿದರು. ಆ ಇಬ್ಬರು ಮಾಲೀಕರಲ್ಲಿ ಒಬ್ಬ ನಾನು.