ಬ್ಯಾಂಕಿನ ಪತ್ರ ಯಾರ ಕೈಯಿಂದ ಬಂತು?

ಚಿಕ್ಕೋಡಿಯಲ್ಲಿ ಬಿ.ಕಾಂ. ಮಕ್ಕಳಿಗೆ ನಾನು ಲೆಕ್ಕಪರಿಶೋಧನೆ ಕಲಿಸುತ್ತಿದ್ದಾಗಲೇ ಸತ್ಯಂ ಪ್ರಕರಣ ಬಯಲಾಯಿತು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಒಂದು ತ್ರೈಮಾಸಿಕದಲ್ಲಿ ಬಂದ ಲಾಭ 61 ಕೋಟಿ, ತೋರಿಸಿದ್ದು 649 ಕೋಟಿ. ಹಿಂದಿನ ದಿನ 180ರ ಹತ್ತಿರ ಇದ್ದ ಶೇರು ಸಂಜೆಯೊಳಗೆ 40ಕ್ಕೆ ಇಳಿಯಿತು.

ಆ ವಾರದ ತರಗತಿಯಲ್ಲಿ ರಾಯಬಾಗ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಬ್ಯಾಂಕಿನ್ಯಾಗ ರೊಕ್ಕ ಇಲ್ಲಂದ್ರ ಆಡಿಟರಿಗೆ ಹೆಂಗ ಗೊತ್ತಾಗ್ಲಿಲ್ಲ? ಬ್ಯಾಂಕಿಗೆ ಹೋಗಿ ಕೇಳಿದ್ರ ಮುಗೀತಿತ್ತಲ್ರಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಬಂದಿಲ್ಲ. ಉತ್ತರ ಸ್ಪಷ್ಟವಾದದ್ದು 2011ರ ಏಪ್ರಿಲ್‌ನಲ್ಲಿ. ಸತ್ಯಂ ಶೇರುಗಳು ಅಮೆರಿಕದಲ್ಲೂ ಮಾರಾಟವಾಗುತ್ತಿದ್ದವು. ಹಾಗಾಗಿ ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳು ಸತ್ಯಂನ ಲೆಕ್ಕ ಪರಿಶೋಧಿಸಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳಿಗೆ ಒಟ್ಟು 75 ಲಕ್ಷ ಡಾಲರ್ ದಂಡ ಹಾಕಿದವು. ಶಿಲ್ಕು ದೃಢಪಡಿಸುವ ಪತ್ರ ಬ್ಯಾಂಕಿನಿಂದ ನೇರವಾಗಿ ಲೆಕ್ಕಪರಿಶೋಧಕರ ಕೈಗೆ ಬರಬೇಕು. ಆದರೆ ಅದನ್ನು ಕಳಿಸುವ, ತರಿಸುವ ಕೆಲಸವನ್ನು ಅವರು ಕಂಪನಿಗೇ ಬಿಟ್ಟುಕೊಟ್ಟಿದ್ದರು ಎಂಬುದು ಆರೋಪದ ತಿರುಳು. ಯಾರ ಲೆಕ್ಕ ಪರೀಕ್ಷೆಯಾಗಬೇಕಿತ್ತೋ ಅವರೇ ಸಾಕ್ಷಿಯನ್ನೂ ತಂದುಕೊಟ್ಟರು.

ಆ ಹಗರಣದ ಮೇಲೆ ಕಾನೂನು ಬಹಳ ಬದಲಾಯಿತು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳಲ್ಲಿ ಒಂದೇ ಆಡಿಟ್ ಸಂಸ್ಥೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ಕೂಡುವಂತಿಲ್ಲ. ಮೋಸ ಕಂಡರೆ ಲೆಕ್ಕಪರಿಶೋಧಕರೇ ವರದಿ ಮಾಡಬೇಕು. ಅವರ ಮೇಲೆ ಕಣ್ಣಿಡಲು 2018ರಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಹುಟ್ಟಿತು. ರಾಜು ಅವರಿಗೆ ವಿಚಾರಣಾ ನ್ಯಾಯಾಲಯ 2015ರ ಏಪ್ರಿಲ್‌ನಲ್ಲಿ ಏಳು ವರ್ಷದ ಶಿಕ್ಷೆ ವಿಧಿಸಿತು. ಇವನ್ನೆಲ್ಲ ವರ್ಷವರ್ಷ ಪಾಠ ಮಾಡಿದೆ. ಮಾಡುತ್ತ ಹೋದಂತೆ ಒಂದು ಮಾತು ಕೊರೆಯತೊಡಗಿತು: ಈ ರಕ್ಷಣೆ ಯಾವುದೂ ನನ್ನ ಊರಿನವರ ಹಣದ ಹತ್ತಿರ ಬಂದಿಲ್ಲ.

ನಮ್ಮ ಕಡೆ ಹಣ ಹೋಗುವ ದಾರಿಯೇ ಬೇರೆ. ನಿಪ್ಪಾಣಿಯಲ್ಲಿ ತಂಬಾಕು ಮಾರಿದ ಹಣ, ಅಥಣಿ-ಕಾಗವಾಡದಲ್ಲಿ ಕಬ್ಬಿನ ಬಿಲ್ಲು, ಮೇಷ್ಟ್ರ ನಿವೃತ್ತಿಯ ಗಂಟು, ಇದರಲ್ಲಿ ದೊಡ್ಡ ಪಾಲು ಸೇರುವುದು ಪತ್ತಿನ ಸೊಸೈಟಿಗಳಿಗೆ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಗುರುತಿನವರೇ ಸಂಚಾಲಕರು, ಕನ್ನಡ-ಮರಾಠಿ ಎರಡರಲ್ಲೂ ಮಾತಾಡಿ ಕೆಲಸ ಮುಗಿಸಬಹುದು. ಇದನ್ನು ನಾನು ಕೀಳಾಗಿ ಕಾಣುವುದಿಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ಇದು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಿದ್ದು ಸಹಕಾರವೇ.

ಆದರೆ ನಮ್ಮ ಸೋದರತ್ತೆ ಠೇವು ಇಟ್ಟಿದ್ದ ಒಂದು ಸೊಸೈಟಿ ಒಂದು ದಿನ ಹಣ ಕೊಡುವುದನ್ನು ನಿಲ್ಲಿಸಿತು. ಮೊದಲು "ಮುಂದಿನ ವಾರ ಬರ್ರಿ", ಆಮೇಲೆ "ವಸೂಲಿ ಆಗಲಿ", ಕೊನೆಗೆ ಬಾಗಿಲಿಗೇ ಬೀಗ. ಅತ್ತೆಯ ಮಾತು ಈಗಲೂ ಕಿವಿಯಲ್ಲಿದೆ: "ತಮ್ಮಾ, ಆಡಿಟ್ ವರ್ಗ 'ಅ' ಅಂತ ಅಷ್ಟ ದೊಡ್ಡ ಬೋರ್ಡ್ ಹಾಕಿದ್ರಲ್ಲೋ."

ಆ ಬೋರ್ಡಿನ ಹಿಂದೆ ಏನಿತ್ತು ಎಂದು ಕೂತು ನೋಡಿದೆ. ಒಂದೇ ಮನೆತನದ ಹೆಸರುಗಳಲ್ಲಿ ಸಾಲ. ಮಾರ್ಚ್ 31ರ ಮುಂಚೆ ಹಳೇ ಸಾಲ ತೀರಿದಂತೆ ಜಮಾ, ಅದೇ ದಿನ ಅದೇ ಹೆಸರಿಗೆ ಹೊಸ ಸಾಲ. ಒಂದು ರೂಪಾಯಿಯೂ ಕೈ ಬದಲಿಸದೆ ಸುಸ್ತಿ ಸಾಲ ಚಾಲ್ತಿ ಸಾಲವಾಗಿಬಿಡುತ್ತದೆ, ಅಢಾವೆ ಪತ್ರಿಕೆ ಲಾಭ ತೋರಿಸುತ್ತದೆ, ಲಾಭಾಂಶವನ್ನೂ ಹಂಚುತ್ತಾರೆ. ಸತ್ಯಂನವರು ಸುಳ್ಳು ಬಿಲ್ಲು ಬರೆದು ಆದಾಯ ಹುಟ್ಟಿಸಿದ್ದಕ್ಕೂ ಇದಕ್ಕೂ ಮೊತ್ತದಲ್ಲಷ್ಟೇ ವ್ಯತ್ಯಾಸ.

ಪೆಟ್ಟು ಎಲ್ಲಿಗೆ ಬೀಳುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ನಮ್ಮ ಸಂತೆ-ಪೇಟೆಗಳಲ್ಲಿ ಬೇರೂರಿದ್ದು ಪಿಗ್ಮಿ ಏಜೆಂಟರ ನಡಿಗೆಯಿಂದ. ಆ ಸೊಸೈಟಿಯ ಪಿಗ್ಮಿ ಕೂಡಿಸುತ್ತಿದ್ದ ಹುಡುಗ ನನ್ನ ಹಳೇ ವಿದ್ಯಾರ್ಥಿ. ಕಾಯಿಪಲ್ಲೆ ಮಾರುವವರು, ಚಹಾದಂಗಡಿಯವರು ಹಣ ಕೊಟ್ಟಿದ್ದು ಅವನ ಮುಖ ನೋಡಿ. ಸಂಚಾಲಕರು ಫೋನ್ ಎತ್ತದೆ ಉಳಿದರು, ಇವನಿಗೆ ಸಂತೆಗೆ ಬರುವುದೇ ಕಷ್ಟವಾಯಿತು. ಅವನ ಸ್ವಂತ ಠೇವೂ ಅಲ್ಲೇ ಸಿಕ್ಕಿತ್ತು. ಕೊನೆಗೆ ಕೊಲ್ಹಾಪುರ ಕಡೆ ಕಾರ್ಖಾನೆ ಕೆಲಸಕ್ಕೆ ಹೋದ. ಅತ್ತೆಯ ಓಣಿಯ ಹೆಂಗಸರು ಈಗ ತಮ್ಮತಮ್ಮಲ್ಲೇ ಭಿಶಿ (ಚೀಟಿ) ಹಾಕುತ್ತಾರೆ, ಬಂಗಾರ ಕೊಳ್ಳುತ್ತಾರೆ, ಪ್ರಾಮಾಣಿಕವಾಗಿ ನಡೆಯುವ ಸೊಸೈಟಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಲೆಕ್ಕದ ಮೋಸ ಮಾಡುವ ಅತಿ ದೊಡ್ಡ ಹಾನಿ ಇದೇ ಎಂದು ನಾನು ನಂಬಿದ್ದೇನೆ: ಒಬ್ಬರ ಅಪರಾಧಕ್ಕೆ ಒಳ್ಳೆಯ ಸಂಸ್ಥೆಗಳೂ ದಂಡ ಕಟ್ಟುತ್ತವೆ.

ಇದೊಂದೇ ಅಲ್ಲ. 2017ರಲ್ಲಿ ಬೆಳಗಾವಿಯ ಸಂಗೊಳ್ಳಿ ರಾಯಣ್ಣ ಸೊಸೈಟಿಯ ಠೇವಣಿದಾರರು ಹಣಕ್ಕಾಗಿ ಬೀದಿಗಿಳಿದಿದ್ದರು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆಯೊಂದಕ್ಕೆ 35,000 ರೂಪಾಯಿ ಮಾತ್ರ ತೆಗೆಯಬಹುದು ಎಂದಿತು. ಸೊಸೈಟಿ ಮತ್ತು ಬ್ಯಾಂಕ್, ಈ ಎರಡರ ನಡುವಿನ ಭೇದವನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು. ಬ್ಯಾಂಕಿನ ಠೇವಣಿಗೆ ವಿಮೆ ಇದೆ, 2020ರ ಫೆಬ್ರವರಿಯಿಂದ ಅದರ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದೆ. ಪತ್ತಿನ ಸೊಸೈಟಿಯ ಠೇವಣಿಗೆ ಈ ವಿಮೆ ಇಲ್ಲ. ಹೆಸರಿನಲ್ಲಿ 'ಸಹಕಾರಿ' ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕ್ ಆಗುವುದಿಲ್ಲ. ನಿಮ್ಮ ಪಾಸ್‌ಬುಕ್ಕಿನ ಮೇಲಿನ ಪೂರ್ತಿ ಹೆಸರನ್ನು ಇವತ್ತೇ ಓದಿ ನೋಡಿ.

ಇನ್ನು ವಾರ್ಷಿಕ ಸಭೆಯ ಮಾತು. ನಮ್ಮ ಕಡೆ ಅದು ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾರ್ಯದರ್ಶಿ ವಿಷಯ ಓದುತ್ತಿದ್ದಂತೆ ಮುಂದಿನ ಸಾಲಿನಿಂದ "ಮಂಜೂರ್, ಮಂಜೂರ್" ಎಂಬ ಕೂಗು ಏಳುತ್ತದೆ, ಅಢಾವೆ ಪತ್ರಿಕೆ ಪಾಸಾಗುತ್ತದೆ, ಊಟಕ್ಕೆ ಏಳುತ್ತೇವೆ. ಈ ಸಲ ಆ ಕೂಗಿಗೆ ಮೊದಲು ಒಬ್ಬರಾದರೂ ಎದ್ದು ನಿಲ್ಲಿ. ಬ್ಯಾಂಕಿನಲ್ಲಿ ಶಿಲ್ಕು ಇದೆ ಎಂಬ ಪತ್ರ ಆಡಿಟರಿಗೆ ನೇರವಾಗಿ ಬಂತೋ, ಸೊಸೈಟಿಯವರೇ ತಂದುಕೊಟ್ಟರೋ? ಸಂಚಾಲಕರಿಗೆ, ಅವರ ಮನೆಯವರಿಗೆ ಎಷ್ಟು ಸಾಲ ಇದೆ? ಮಾರ್ಚ್‌ನಲ್ಲಿ ತೀರಿದ ಸಾಲಗಳಲ್ಲಿ ಅದೇ ಹೆಸರಿಗೆ ಮತ್ತೆ ಎದ್ದವು ಎಷ್ಟು? ಕೇಳಿ, ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ. ಸದಸ್ಯರಾಗಿ ನಿಮಗೆ ಕೇಳುವ ಹಕ್ಕಿದೆ.