ಉಳಿಯ ಚೂರು ಹೊಕ್ಕ ಕಣ್ಣಿಗೆ ಆರು ತಿಂಗಳು ಏಕೆ?

ಪ್ರಶ್ನೆ: ಕಲ್ಲಿನ ಕೆತ್ತನೆ ಮಾಡುವ ನನ್ನ ತಮ್ಮನ ಕಣ್ಣಿಗೆ ಉಳಿಯ ಚೂರು ಹೊಕ್ಕಿತ್ತು. ಮಣಿಪಾಲದಲ್ಲಿ ಆಪರೇಷನ್ ಆಗಿ ತಿಂಗಳಾದರೂ ಎಲ್ಲವೂ ಮಂಜು ಮಂಜು. ಡಾಕ್ಟರು ಆರು ತಿಂಗಳು ಕಾಯಿರಿ ಎನ್ನುತ್ತಾರೆ. ಪೂರ್ತಿ ನೋಟ ಬರುತ್ತದೆಯೇ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಆರು ತಿಂಗಳು ಎಂದದ್ದು ಸಾಗಹಾಕುವ ಮಾತಲ್ಲ. ಒಡೆದ ಕಣ್ಣಿಗೆ ಮೊದಲು ಹಾಕುವ ಹೊಲಿಗೆ ನೋಟ ತರುವುದಕ್ಕಲ್ಲ. ಗಾಯದ ಬಾಯಿ ಮುಚ್ಚಿ ಸೋಂಕು ಒಳಹೊಗದಂತೆ ತಡೆಯುವುದಕ್ಕೆ. ಹೊಲಿಗೆ ಬಿಗಿದಿರುವಷ್ಟು ದಿನ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಏರುಪೇರಾಗಿಯೇ ಇರುತ್ತದೆ. ಅದನ್ನು ಬಿಚ್ಚಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ಆಮೇಲೆ ಕನ್ನಡಕದ ನಂಬರ್ ಒಂದು ಹದಕ್ಕೆ ಬಂದು ನಿಲ್ಲಬೇಕು. ಕನ್ನಡಕಕ್ಕೆ ಬಗ್ಗದ ಮಂಜು ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿಗೆ ಎಷ್ಟೋ ಸಲ ತಿಳಿಯಾಗುತ್ತದೆ. ಇದನ್ನು ಕೇಳದೆ ಬಿಡಬೇಡಿ.

ಪೂರ್ತಿ ಬರುವುದೋ ಇಲ್ಲವೋ ಎಂಬುದು ಚೂರು ಎಲ್ಲಿಯವರೆಗೆ ಹೋಗಿತ್ತು ಎಂಬುದರ ಮೇಲಿದೆ. ಮಸೂರಕ್ಕೆ ತಾಗಿ ಪೊರೆ ಬಂದಿದ್ದರೆ ಅದನ್ನು ತೆಗೆದು ಕೃತಕ ಮಸೂರ ಕೂರಿಸಬಹುದು. ಕಣ್ಣಿನ ಹಿಂಬದಿಯ ಪದರವಾದ ರೆಟಿನಾ ಕಳಚಿದ್ದರೆ ಮಾತು ಬೇರೆ. ಅದನ್ನು ಮತ್ತೆ ಅಂಟಿಸುತ್ತಾರೆ ನಿಜ, ಆದರೆ ಅಲ್ಲಿ ಸತ್ತ ಕೋಶಗಳು ಹೊಸದಾಗಿ ಹುಟ್ಟುವುದಿಲ್ಲ.

ಇದಕ್ಕೊಂದು ಲೆಕ್ಕವೂ ಇದೆ. ಅಮೆರಿಕ, ಹಂಗೇರಿಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಯಗಳನ್ನು ನೋಡಿ ಫೆರೆಂಕ್ ಕೂನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು. ಮೊದಲ ತಪಾಸಣೆಯಲ್ಲಿ 6/12ರಷ್ಟಾದರೂ ಕಂಡರೆ 100 ಅಂಕ. ಬೆಳಕೇ ತಿಳಿಯದಿದ್ದರೆ 60. ಪೆಟ್ಟಿಗೆ ಗುಡ್ಡೆ ಬಿರಿದಿದ್ದರೆ 23, ಒಳಗೆ ಕೀವಾದರೆ 17, ರೆಟಿನಾ ಕಳಚಿದರೆ 11 ಕಳೆಯಬೇಕು. ಉಳಿದ ಅಂಕದಿಂದ ಆರು ತಿಂಗಳ ಹೊತ್ತಿಗೆ ಎಷ್ಟು ಕಂಡೀತು ಎಂಬ ಅಂದಾಜು ಸಿಗುತ್ತದೆ. ಎಷ್ಟು ರಕ್ತ ಸುರಿಯಿತು ಎಂಬುದಕ್ಕೆ ಇಲ್ಲಿ ಅಂಕವೇ ಇಲ್ಲ! ತಮ್ಮನ ಮೊದಲ ದಿನದ ಚೀಟಿಯಲ್ಲಿ ನೋಟ ಎಷ್ಟೆಂದು ಬರೆದಿದೆ, ನೋಡಿ. ಈಗಿನ ಮಂಜಿಗಿಂತ ಹೆಚ್ಚಿನದನ್ನು ಅದು ಹೇಳುತ್ತದೆ.

ಕಾರ್ಕಳದಲ್ಲಿ ಕಲ್ಲಿನ ಕೆಲಸ 1432ರ ಗೊಮ್ಮಟನಷ್ಟಾದರೂ ಹಳೆಯದು. ಸುತ್ತಿಗೆ ಏಟಿಗೆ ಅಣಬೆಯಂತೆ ಅರಳಿದ ಉಳಿಯ ತಲೆಯಿಂದ ಸಿಡಿಯುವ ಚೂರು ಹೆಚ್ಚು ನೋವಿಲ್ಲದೆಯೂ ಒಳಸೇರಬಹುದು. ನಂದಬಟ್ಟಲ ಹೂವಿನ ರಸ, ಎದೆಹಾಲು ಎಂದು ಕೂತರೆ ಒಳಗುಳಿದ ಕಬ್ಬಿಣ ರೆಟಿನಾವನ್ನೇ ಹಾಳುಮಾಡುತ್ತದೆ. ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಆಗಬೇಕು, ಎಂ.ಆರ್.ಐ. ಕೂಡದು, ಅದರ ಅಯಸ್ಕಾಂತ ಚೂರನ್ನು ಒಳಗೇ ಎಳೆದೀತು. ಕಾಪು ಕಡೆಯ ತೋಟಗಳಲ್ಲಿ ತೆಂಗಿನ ಮಡಲು ಗೀರಿದ ಕಣ್ಣಿಗೆ ಭಯ ಶಿಲೀಂಧ್ರದ್ದು. ಅಲ್ಲಿ ಮೆಡಿಕಲ್‌ನಿಂದ ತಂದ ಸ್ಟೀರಾಯ್ಡ್ ಹನಿ ಬೆಂಕಿಗೆ ತುಪ್ಪ.

ಕಾರ್ನಿಯಾ ಕಲೆಗಟ್ಟಿ ಬೆಳ್ಳಗಾದರೂ ದಾರಿ ಮುಚ್ಚಿಲ್ಲ. 1905ರ ಡಿಸೆಂಬರ್ 7ರಂದು, ಈಗಿನ ಚೆಕ್ ದೇಶದ ಒಲೊಮೊತ್ಸ್‌ನಲ್ಲಿ ಎಡುವಾರ್ಡ್ ಜಿರ್ಮ್ ಎಂಬ ವೈದ್ಯರು, ಸುಣ್ಣ ಬಿದ್ದು ಎರಡೂ ಕಣ್ಣು ಕಳೆದುಕೊಂಡಿದ್ದ ಕೂಲಿಯಾಳಿಗೆ ಹನ್ನೊಂದು ವರ್ಷದ ಹುಡುಗನ ಕಾರ್ನಿಯಾ ಜೋಡಿಸಿದರು. ಆ ಹುಡುಗನ ಕಣ್ಣನ್ನು ತೆಗೆಯಬೇಕಾಗಿ ಬಂದದ್ದು ಕಬ್ಬಿಣದ ಚೂರು ಹೊಕ್ಕಿದ್ದರಿಂದಲೇ. ಹುಡುಗನ ಕಣ್ಣಿನ ಒಳಭಾಗ ಕೆಟ್ಟಿತ್ತು, ಮುಂಭಾಗ ಚೆನ್ನಾಗಿತ್ತು, ಕೂಲಿಯಾಳಿನದು ತಿರುಗುಮುರುಗು. ಜೋಡಿಸಿದ ಎರಡರಲ್ಲಿ ಒಂದು ನಿಂತು ಆತನಿಗೆ ನೋಟ ಬಂತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ಬೆಳಕಾದದ್ದು ಕಾರ್ನಿಯಾವನ್ನು ಪದರ ಬಿಡಿಸಿ ಜೋಡಿಸಿದ್ದರಿಂದ. ರೆಟಿನಾಕ್ಕೆ ಇಂಥ ಬದಲಿ ಇನ್ನೂ ಇಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಗಾಯವಾಗದ ಕಣ್ಣಿನ ಮೇಲೂ ನಿಗಾ ಇರಲಿ. ಲೂಯಿ ಬ್ರೈಲ್ ಮೂರರ ಪ್ರಾಯದಲ್ಲಿ ಅಪ್ಪನ ಚರ್ಮದ ಕೆಲಸದ ಹತ್ಯಾರಿನಿಂದ ಚುಚ್ಚಿಕೊಂಡದ್ದು ಒಂದೇ ಕಣ್ಣಿಗೆ. ಐದಾಗುವಷ್ಟರಲ್ಲಿ ಎರಡೂ ಹೋದವು. ಒಂದು ಕಣ್ಣಿನ ಗಾಯಕ್ಕೆ ಇನ್ನೊಂದೂ ಕೆಡುವುದು ತೀರಾ ಅಪರೂಪ, ಇಂದು ಇದಕ್ಕೆ ಔಷಧವೂ ಇದೆ. ಆದರೆ ತಮ್ಮನ ಒಳ್ಳೆಯ ಕಣ್ಣು ಕೆಂಪಾದರೆ, ಬೆಳಕಿಗೆ ಚುಚ್ಚಿದರೆ, ಮಸುಕಾದರೆ ಮುಂದಿನ ತಾರೀಕಿನವರೆಗೆ ಕಾಯದೆ ಅಂದೇ ಮಣಿಪಾಲಕ್ಕೋ ಉಡುಪಿಗೋ ಹೊರಡಿ.